ಗೋವೆಯಿಂದ ಬಂದ ಮೇಲೆ: ಕಾಕಾನಿಗೆ, ಜೊತೆಗಿದ್ದ ಎಲ್ಲರಿಗೆ

ಈಜು, ಸೈಕಲ್, ಓಟ ಮೂರನ್ನೂ ಬೆನ್ನುಬೆನ್ನಿಗೆ ಮಾಡುವ ಗೋವೆಯ ಐರನ್‌ಮ್ಯಾನ್ 70.3 ರೇಸಿಗೆ ನಮ್ಮ ಕ್ಲಬ್ಬಿನಿಂದ ಹೋದವರೆಲ್ಲ ಕಟ್-ಆಫ್ ಗಡುವಿನೊಳಗೆ ಮುಗಿಸಿ ಧಾರವಾಡಕ್ಕೆ ಬಂದಿದ್ದೇವೆ. ಮಿರಾಮಾರ್ ದಂಡೆಯಲ್ಲಿ 1.9 ಕಿ.ಮೀ. ಈಜು, ಆಮೇಲೆ 90 ಕಿ.ಮೀ. ಸೈಕಲ್, ಕೊನೆಗೆ 21.1 ಕಿ.ಮೀ. ಓಟ, ಎಲ್ಲ ಸೇರಿ ಗಡುವು 8 ಗಂಟೆ 30 ನಿಮಿಷ. ಯಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೀವೆಲ್ಲ ಆಗಲೇ ನೋಡಿದ್ದೀರಿ, ಅದು ಇಲ್ಲಿ ಬೇಡ. ಇದು ಧನ್ಯವಾದ ಹೇಳುವ ಬರಹ, ಮತ್ತು ಇದರ ದೊಡ್ಡ ಪಾಲು ಒಬ್ಬರಿಗೇ ಸಲ್ಲಬೇಕು.

ಅದಕ್ಕೂ ಮೊದಲು: ಕಾರವಾರದ ಸಮುದ್ರದಲ್ಲಿ ಅಲೆ ತಲೆಯ ಮೇಲೆ ಒಡೆಯುವ ಮುಂಚೆ ಅದರಡಿ ಮುಳುಗಿ ಹಾಯುವುದನ್ನೂ, ಆರೆಂಟು ಸ್ಟ್ರೋಕಿಗೊಮ್ಮೆ ಕಣ್ಣಷ್ಟೇ ಮೇಲೆತ್ತಿ ದಾರಿ ತೋರುವ ತೇಲುಗುರುತು (ಬೋಯ್) ನೋಡುವುದನ್ನೂ ಕಲಿಸಿದ ಈಜಿನ ಕೋಚ್‌ಗೆ, ಮಂಡಿ-ಮೀನಖಂಡಗಳನ್ನು ಸರಿಪಡಿಸಿಕೊಟ್ಟ ಫಿಸಿಯೋ ಅಕ್ಕನಿಗೆ, ಉದ್ದನೆಯ ರೈಡುಗಳ ದಿನ ನಮ್ಮ ಪಾಳಿ ಹೊತ್ತುಕೊಂಡ ಸಹೋದ್ಯೋಗಿಗಳಿಗೆ ಮನಸಾರೆ ಕೃತಜ್ಞತೆಗಳು.

ಇನ್ನು ನಮ್ಮ ಸೈಕಲ್ ರಿಪೇರಿ ಮಾಡುವ ಕಾಕಾ. ಹೆಸರು ಹಾಕಬೇಡ್ರಿ ಎಂದಿದ್ದಾರೆ, ಹಾಕುವುದಿಲ್ಲ. ಧಾರವಾಡದಲ್ಲಿ ಗೇರ್ ಸೈಕಲ್ ತುಳಿಯುವವರಿಗೆ ಅದರ ಅಗತ್ಯವೂ ಇಲ್ಲ.

ಶುಕ್ರವಾರ ರಾತ್ರಿ ಪಣಜಿಯಲ್ಲಿ, ಲಾಡ್ಜಿನ ಕೆಳಗೆ ಪಿಕಪ್ ಗಾಡಿಯ ತಾಡಪತ್ರಿ ಬಿಚ್ಚಿದಾಗ ಕಂಡದ್ದು ಇಷ್ಟು. ಸೈಕಲ್‌ಗಳನ್ನು ಬಲಮಗ್ಗುಲಿಗೆ ಮಲಗಿಸಿ ಒಂದರ ಮೇಲೊಂದು ಹೇರಿದ್ದರು. ಚೈನು, ಅದನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್, ಎಲ್ಲ ಇರುವುದು ಆ ಮಗ್ಗುಲಿಗೇ. ಅನಮೋಡ ಘಾಟಿನ ಕುಲುಕಾಟದಲ್ಲಿ ಮೇಲಿನ ಸೈಕಲ್ಲಿನ ಭಾರ ಕೆಳಗಿನದರ ಡಿರೇಲರ್ ಮೇಲೆ ಬಿದ್ದಿತ್ತು. ಡಿರೇಲರ್ ಗಟ್ಟಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮೆತ್ತನೆಯ ಅಲ್ಯುಮಿನಿಯಂ. ಪೆಟ್ಟು ಬಿದ್ದರೆ ಫ್ರೇಮ್ ಉಳಿದು ತಾನು ಬಾಗಲಿ ಅಂತಲೇ ಅದನ್ನು ಹಾಗೆ ಮಾಡಿರುತ್ತಾರೆ. ಬಾಗಿದ ಹ್ಯಾಂಗರ್ ನೆಲದ ಮೇಲೆ ನಿಂತ ಸೈಕಲ್ಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಏರಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಇಳಿಸಿದಾಗ ಡಿರೇಲರಿನ ಪಂಜರ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಸುತ್ತಿಕೊಳ್ಳುತ್ತದೆ. ಅಲ್ಲಿಗೆ ಚಕ್ರ, ಚೈನು, ರೇಸು ಮೂರೂ ಮುಗಿದಂತೆ.

ಶನಿವಾರ ಸೈಕಲ್ ಚೆಕ್-ಇನ್, ಅಂದರೆ ರೇಸಿನವರಿಗೆ ಸೈಕಲ್ ಒಪ್ಪಿಸುವ ದಿನ. ನಡುವೆ ಇದ್ದದ್ದು ಒಂದೇ ರಾತ್ರಿ. ಕಾಕಾ ತಮ್ಮ ಕಬ್ಬಿಣದ ಪೆಟ್ಟಿಗೆ ಇಳಿಸಿ, ಪಾರ್ಕಿಂಗಿನ ಟ್ಯೂಬ್‌ಲೈಟಿನ ಕೆಳಗೆ ಗೋಣಿಚೀಲ ಹಾಸಿ ಕೂತರು. ಮುಂಜಾನೆ ಚಹಾದಂಗಡಿ ತೆರೆಯುವ ತನಕ ಏಳಲಿಲ್ಲ.

ಅವರು ಕೆಲಸ ಮಾಡಿದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಮುಂದಿನ ವರ್ಷ ಹೋಗುವವರಿಗೆ ಬೇಕಾಗುತ್ತದೆ. ಮೊದಲು ಡಿರೇಲರ್ ಬಿಚ್ಚಿ, ಹ್ಯಾಂಗರಿನ ತೂತಿಗೆ ಅಳತೆಯ ತೋಳು ತಿರುಗಿಸಿ ಕೂಡಿಸುವುದು. ತೋಳಿನ ತುದಿಗೂ ರಿಮ್ಮಿಗೂ ನಡುವಿನ ಸಂದು ಮೇಲೆ, ಕೆಳಗೆ, ಹಿಂದೆ, ಮುಂದೆ ಎಷ್ಟಿದೆ ಎಂದು ನೋಡುವುದು. ಚಕ್ರವೇ ಸ್ವಲ್ಪ ವಾಲಿದ್ದರೆ ಅಳತೆ ಸುಳ್ಳಾಗುತ್ತದೆ, ಅದಕ್ಕೆ ಪ್ರತಿ ಸಲ ವಾಲ್ವ್ ಇರುವ ಜಾಗವನ್ನೇ ತೋಳಿನೆದುರಿಗೆ ತಂದುಕೊಂಡು ನೋಡಬೇಕು. ನಾಲ್ಕೂ ಕಡೆಯ ವ್ಯತ್ಯಾಸ 4 ಮಿ.ಮೀ. ಒಳಗೆ ಬರುವವರೆಗೆ ತೋಳನ್ನೇ ಹಿಡಿದು ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಬೇಕು. ಒಮ್ಮೆ ನೆಟ್ಟಗಾದ ಹ್ಯಾಂಗರ್ ಎರಡನೇ ಸಲಕ್ಕೆ ಬಿರುಕು ಬಿಡಬಹುದು, ಊರಿಗೆ ಹೋದ ಮೇಲೆ ಬದಲಿಸಿ ಎಂದು ಒಬ್ಬೊಬ್ಬರಿಗೂ ಹೇಳಿದರು. ಆಮೇಲೆಯೇ ಡಿರೇಲರ್ ಮಿತಿ ಮೀರಿ ಸರಿಯದಂತೆ ತಡೆಯುವ ಲಿಮಿಟ್ ಸ್ಕ್ರೂ, ಅದಾದ ಮೇಲೆ ಕೇಬಲಿನ ಬಿಗಿ. ಹ್ಯಾಂಗರ್ ಡೊಂಕಾಗಿಯೇ ಇರುವಾಗ ಕೇಬಲ್ ತಿರುವುತ್ತ ಕೂತರೆ ಬೆಳಗಾದರೂ ಗೇರ್ ಕೂಡುವುದಿಲ್ಲ.

ಬ್ರೇಕಿನದು ಬೇರೆಯೇ ತಕರಾರು. ಚಕ್ರ ತೆಗೆದ ಡಿಸ್ಕ್ ಬ್ರೇಕ್ ಸೈಕಲ್ಲಿನ ಲಿವರ್ ದಾರಿಯಲ್ಲಿ ಒತ್ತಿಕೊಂಡರೆ ಪಿಸ್ಟನ್ ಮುಂದೆ ಬಂದು ಪ್ಯಾಡುಗಳು ಕಚ್ಚಿಕೊಳ್ಳುತ್ತವೆ, ಚಕ್ರದ ಬ್ರೇಕ್ ತಟ್ಟೆ (ರೋಟರ್) ಒಳಗೆ ಹೋಗುವುದಿಲ್ಲ. ಕಾಕಾ ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಪ್ಯಾಡ್ ತೆಗೆದು, ಪಿಸ್ಟನ್ ಒರೆಸಿ, ಪ್ಲಾಸ್ಟಿಕ್ಕಿನ ಟೈರ್ ಲಿವರಿನಿಂದ ಸಮನಾಗಿ ಹಿಂದಕ್ಕೆ ತಳ್ಳಿದರು. ಅವರ ಹತ್ತಿರ ಎರಡು ಅರಿವೆ ಇದ್ದವು: ಚೈನಿಗೆ ಕರಿಯದು, ಬ್ರೇಕಿಗೆ ಬಿಳಿಯದು. ಚೈನಿನ ಎಣ್ಣೆ ಒಂದು ಹನಿ ರೋಟರಿಗೆ ಹತ್ತಿದರೂ ಪ್ಯಾಡ್ ಅದನ್ನು ಹೀರಿಕೊಂಡು ಕಿರುಚುತ್ತದೆ, ಹಿಡಿತವೂ ಹೋಗುತ್ತದೆ. ನೆರವಿಗೆ ನಿಂತವರಿಗೂ ಕೈ ತೊಳೆದು ಬರದ ಹೊರತು ಚಕ್ರ ಮುಟ್ಟಲು ಬಿಡಲಿಲ್ಲ.

ಕೊನೆಗೆ ಉಳಿದದ್ದು ಒಂದು ಸೈಕಲ್. ಅದರ ಹ್ಯಾಂಗರ್ ಬಾಗಿರಲಿಲ್ಲ, ಮುರಿದೇ ಹೋಗಿತ್ತು.

ಆ ಸೈಕಲ್ ಯಾರದೆಂದು ನಮ್ಮವರಿಗೆಲ್ಲ ಗೊತ್ತು. ಕಳೆದ ವರ್ಷ ಏಪ್ರಿಲ್‌ನಲ್ಲಿ ಬೈಪಾಸಿನಲ್ಲಿ ಏನಾಯಿತೆಂಬುದೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ. ಎಲುಬು ಕೂಡಿಕೊಂಡ ಮೇಲೂ ಹೆದರಿಕೆ ಬಿಡಲು ತಿಂಗಳುಗಟ್ಟಲೆ ಹಿಡಿಯಿತು. ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಈಗಲೂ ಅವಳ ಬೆರಳು ತಾನಾಗಿ ಬ್ರೇಕಿಗೆ ಹೋಗುತ್ತವೆ. ಅಷ್ಟನ್ನು ದಾಟಿ ಪಣಜಿಯ ತನಕ ಬಂದವಳು ಬೆರಳುದ್ದದ ಒಂದು ತುಂಡು ಲೋಹಕ್ಕಾಗಿ ನಿಂತುಬಿಡಬೇಕೆ? ಆ ಹೊತ್ತಿಗೆ ನಮಗೆ ಬಂದ ಸಿಟ್ಟು ಯಾರ ಮೇಲೆ ಅಂತ ನಮಗೇ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಕೂತು ಒಂದಿಬ್ಬರು ಅತ್ತರು. ಅವಳು ಅಳಲಿಲ್ಲ. ಮುರಿದ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಅದನ್ನು ನೋಡುವುದೇ ಹೆಚ್ಚು ಕಷ್ಟವಾಯಿತು.

"ತಂಗಿ, ನೀ ಹೋಗಿ ಮಲಕೋ. ನಿನ್ನ ಸೈಕಲ್ ನನ್ನ ಮ್ಯಾಲೆ ಬಿಡು," ಎಂದರು ಕಾಕಾ.

ಹ್ಯಾಂಗರ್ ಒಂದು ಫ್ರೇಮಿನದು ಸಾಮಾನ್ಯವಾಗಿ ಇನ್ನೊಂದಕ್ಕೆ ಕೂಡುವುದಿಲ್ಲ. ನಡುರಾತ್ರಿ ಪರ ಊರಿನಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ. ಆದರೆ ಕಾಕಾ ತಿಂಗಳ ಹಿಂದೆಯೇ ಪ್ರತಿಯೊಬ್ಬರ ಫ್ರೇಮಿನ ಮಾಡೆಲ್ ಬರೆದುಕೊಂಡು, ಒಂದೊಂದಕ್ಕೂ ಹೊಂದುವ ಹ್ಯಾಂಗರ್ ತರಿಸಿ, ಪೊಟ್ಟಣದ ಮೇಲೆ ಹೆಸರು ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಯಾರೂ ಕೇಳಿರಲಿಲ್ಲ. ಹಳೆಯ ತುಂಡಿನ ಸ್ಕ್ರೂ ಜಂಗು ಹಿಡಿದು, ಅದರ ಅಲೆನ್ ಗುಳಿ ಸವೆದು ಗುಂಡಗಾಗಿತ್ತು. ಅದಕ್ಕಿಂತ ತುಸುವೇ ದೊಡ್ಡದಾದ, ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಇಟ್ಟು ಮೇಲಿಂದ ಸುತ್ತಿಗೆಯಲ್ಲಿ ಸಣ್ಣಗೆ ತಟ್ಟಿ, ಅಂಚು ಕಚ್ಚಿದ ಮೇಲೆ ಗುಂಜು ಗುಂಜಾಗಿ ತಿರುಗಿಸಿ ತೆಗೆದರು. ಹೊಸದು ಕೂಡಿಸಿ, ಅದನ್ನೂ ತೋಳಿಟ್ಟು ಅಳೆದರು, ಹೊಸ ಹ್ಯಾಂಗರ್ ಕೂಡ ನೆಟ್ಟಗೇ ಇರುತ್ತದೆಂಬ ಭರವಸೆ ಇಲ್ಲವಂತೆ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ತಿರುಗುವ ಬೇರಿಂಗಿನ (ಹೆಡ್‌ಸೆಟ್) ಸಂದಿಗೆ ಬೆರಳಿಟ್ಟು ನೋಡಿದರು. ಸಡಿಲಿತ್ತು. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ಮಿನ ಬೋಲ್ಟು ಸಡಿಲಿಸಿ, ಮೇಲಿನ ಟೋಪಿ ಬಿಗಿದು ಅಲ್ಲಾಟ ತೆಗೆದು, ಮತ್ತೆ ಬೋಲ್ಟುಗಳನ್ನು ಒಂದಾದ ಮೇಲೊಂದು ಸರದಿಯಲ್ಲಿ 5 ನ್ಯೂಟನ್ ಮೀಟರಿಗೆ ಬಿಗಿದರು. ಕಾರ್ಬನ್ ಇರುವಲ್ಲಿ ಕೈ ಅಂದಾಜು ನಂಬಬಾರದು ಎಂಬುದು ಅವರ ಮಾತು.

ಶನಿವಾರ ಚೆಕ್-ಇನ್‌ಗೆ ಹೊರಟಾಗ ಹ್ಯಾಂಡಲ್ ತುದಿಯ ಬಿರಡೆಗಳನ್ನೂ ಅವರೇ ಎಣಿಸಿದರು. ತುದಿ ತೆರೆದಿದ್ದರೆ ಒಳಗೆ ಬಿಡುವುದಿಲ್ಲ. ಸೈಕಲ್ ಬಿಸಿಲಲ್ಲಿ ನಿಲ್ಲುತ್ತದೆ, ಗಾಳಿ ಸ್ವಲ್ಪ ಇಳಿಸಿ ಇಡ್ರಿ, ರವಿವಾರ ಮುಂಜಾನೆ ಹೊಡಕೋರಿ ಎಂದರು. ಆಮೇಲೆ ಗಾಡಿಯ ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು. ರೇಸಿನಲ್ಲಿ ನಮ್ಮ ಒಂದು ಸೈಕಲ್ಲೂ ಗೇರಿನ ತೊಂದರೆಯಿಂದ ನಿಲ್ಲಲಿಲ್ಲ.

ಓಟದ ಹಾದಿಯಲ್ಲಿ ನಿಂತಿದ್ದ ಮನೆಯವರಿಗೂ ಒಂದು ಮಾತು. ಹೊರಗಿನವರ ಕೈಯಿಂದ ಒಂದು ಬಾಟ್ಲಿ ತಗೊಂಡರೂ ನಿಯಮ ಮುರಿದಂತೆ. ಗಂಡನೋ ಮಗಳೋ ಬಿಸಿಲಲ್ಲಿ ತಡವರಿಸುತ್ತ ಎದುರಿಗೇ ಬಂದಾಗಲೂ ನೀವು ಕೈ ಚಾಚದೆ ಹೆಸರು ಕೂಗಿದಿರಿ. ಬರೀ ನೀರು ಕುಡಿಯುತ್ತ ಹೋಗಬೇಡ, ಉಪ್ಪಿನದನ್ನೂ ತಗೋ ಎಂದು ನೆನಪಿಸಿದಿರಿ. ಬೆವರಿನಲ್ಲಿ ಉಪ್ಪು ಹೋಗಿ, ಹೊಟ್ಟೆಗೆ ಬರೀ ನೀರೇ ಸೇರಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿಯಿಂದ ಶುರುವಾಗಿ ಪ್ರಜ್ಞೆ ತಪ್ಪುವ ತನಕ ಹೋಗುತ್ತದೆ. ಆ ನೆನಪಿಸುವಿಕೆ ಸಣ್ಣ ನೆರವಲ್ಲ.

ಕಾಕಾ ಬಿಡಿಭಾಗದ ದುಡ್ಡು ಮಾತ್ರ ಮುಟ್ಟಿದರು, ಕೂಲಿ ಅಂತ ಕೊಟ್ಟದ್ದನ್ನು ವಾಪಸ್ ಕೊಟ್ಟರು. ಹಾಗಿದ್ದರೆ ಏನು ಬೇಕು ಅಂತ ಕೇಳಿದ್ದಕ್ಕೆ, ಸೈಕಲ್ ಹೇರೋದು ಕಲೀರಿ ಅಂದರು. ಬರುವ ರವಿವಾರ ಮುಂಜಾನೆ ಏಳಕ್ಕೆ ಅವರ ಅಂಗಡಿಯ ಮುಂದೆ ಸೇರುತ್ತೇವೆ. ಡಿರೇಲರ್ ಬಿಚ್ಚಿ ಅರಿವೆ ಸುತ್ತಿ ಫ್ರೇಮಿನೊಳಗೆ ಕಟ್ಟುವುದು, ಪ್ಯಾಡುಗಳ ನಡುವೆ ಬಿಲ್ಲೆ ಇಡುವುದು, ಚೈನಿನ ಮಗ್ಗುಲು ಮೇಲೆ ಬರುವಂತೆ ಮಲಗಿಸುವುದು, ಇಷ್ಟನ್ನು ಪ್ರತಿಯೊಬ್ಬರೂ ತಮ್ಮ ಸೈಕಲ್ಲಿನ ಮೇಲೆ ತಾವೇ ಮಾಡಬೇಕು. ಅಲೆನ್ ಕೀ ಸೆಟ್ಟು, ಎರಡು ಅರಿವೆ ತನ್ನಿ. ಹೊಸ ಹ್ಯಾಂಗರ್ ಬೇಕಾದವರು ಫ್ರೇಮಿನ ಮಾಡೆಲ್ ಬರೆದು ಶುಕ್ರವಾರದೊಳಗೆ ಕಾಕಾನಿಗೆ ಕೊಡಿ.