ಟೆಂಟಿನ ಜಿಪ್ ತೆಗೆಸಿದ ಆ ಅಕ್ಕನಿಗೆ

ಸಂಗೀತ ಉತ್ಸವದ ಎರಡನೇ ರಾತ್ರಿ, ಕ್ಯಾಂಪಿನಲ್ಲಿ ಟಾರ್ಚ್ ಹಿಡಿದು ಸುತ್ತುತ್ತಿದ್ದ ಅಕ್ಕನಿಗೆ ಈ ಬರಹ. ನಿಮ್ಮ ಹೆಸರು ಕೇಳಬೇಕು ಅಂತಲೂ ನನಗೆ ಹೊಳೆಯಲಿಲ್ಲ. ಹಳದಿ ಜಾಕೆಟ್, ಕಟ್ಟಿಹೋದ ಗಂಟಲು, ಇಷ್ಟೇ ನೆನಪು.

ಚಳಿ ಜಾಸ್ತಿ ಇತ್ತು. ಅಡುಗೆ ಮಾಡಿದ ಇದ್ದಿಲ ಒಲೆಯಲ್ಲಿ ಉರಿ ಆರಿತ್ತು, ಬರೀ ಕೆಂಡ. ಅದನ್ನು ಟೆಂಟಿನೊಳಗೆ ಇಟ್ಟುಕೊಂಡು ಜಿಪ್ ಎಳೆದು ಮಲಗಿದ್ದೆವು. ಹೊಗೆ ಇಲ್ವಲ್ಲ, ಏನಾಗುತ್ತೆ ಅನ್ನುವ ಲೆಕ್ಕ. ನೀವು ಬಂದಿದ್ದು ಬೇರೆ ಕೆಲಸಕ್ಕೆ. ನಮ್ಮ ಟೆಂಟಿನ ಹಗ್ಗ ಅಗ್ನಿಶಾಮಕ ಗಾಡಿ ಬರುವ ದಾರಿಗೆ ಅಡ್ಡ ಬಂದಿತ್ತು. ಬಟ್ಟೆಯ ಮೂಲಕ ಕೆಂಪು ಬೆಳಕು ಕಂಡಿದ್ದೇ ತಡ, "ಮೊದಲು ಹೊರಗೆ ಬನ್ನಿ, ಆಮೇಲೆ ಮಾತು" ಅಂದಿರಿ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು. ಎದ್ದು ನಿಂತರೆ ತಲೆ ಸಿಡಿಯುತ್ತಿದೆ, ಗೆಳತಿಗೆ ವಾಕರಿಕೆ. ಕುಣಿದ ಸುಸ್ತು ಅಂದುಕೊಂಡಿದ್ದೆವು. ಜೀವ ತೆಗೆಯುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆರುತ್ತಿರುವ ಕೆಂಡದಿಂದಲೂ ಬರುತ್ತದೆ ಅಂತ ನೀವು ಹೇಳಿದಾಗಲೇ ಗೊತ್ತಾಗಿದ್ದು. ಜಿಪ್ ಅರ್ಧ ತೆರೆದಿಟ್ಟರೂ ಸಾಲದಂತೆ! ನಮ್ಮನ್ನು ಗಾಳಿಯಲ್ಲಿ ಕೂರಿಸಿದಿರಿ, ವಾಕಿಟಾಕಿಯಲ್ಲಿ ಡಾಕ್ಟರನ್ನು ಕರೆಸಿದಿರಿ. ಒಂದು ಸಲವೂ ಬೈಯಲಿಲ್ಲ. ನಾನಾಗಿದ್ದರೆ ಬೈತಿದ್ದೆ.

ಬೆಳಿಗ್ಗೆ ನೋಡಿದರೆ ಹಗ್ಗ ಪಕ್ಕಕ್ಕೆ ಸರಿದಿತ್ತು. ಕತ್ತಲಲ್ಲಿ ಯಾರೂ ಎಡವದ ಹಾಗೆ ಅದಕ್ಕೊಂದು ಬಿಳಿ ಬಟ್ಟೆಯ ಚೂರು ಕಟ್ಟಿತ್ತು. ನಿಮ್ಮದೇ ಕೆಲಸ, ಅಲ್ವಾ? ಆ ಚೂರು ಇನ್ನೂ ನಮ್ಮ ಟೆಂಟಿನ ಚೀಲದಲ್ಲಿದೆ. ಥ್ಯಾಂಕ್ಸ್ ಅಕ್ಕ.