ಸುಬ್ಬುಗೊಂದು ಪತ್ರ: ಬಚ್ಚಲಿನ ರಾಡು ಮತ್ತು ಗೋಡೆ ನೋಡುವ ಕ್ಯಾಮೆರಾ

ಲೋ ಸುಬ್ಬು,

ನಿನ್ನ ಏಳು ನಿಮಿಷದ ವಾಯ್ಸ್ ಮೆಸೇಜು ಕೇಳಿದೆ. ಐದು ನಿಮಿಷ ಪುಣೆ ಟ್ರಾಫಿಕ್ಕಿಗೆ ಬೈದಿದ್ದೀಯ. ಉಳಿದ ಎರಡು ನಿಮಿಷದಲ್ಲಿ, "ಅಪ್ಪ ಊರು ಬಿಟ್ಟು ಬರಲ್ಲ ಅಂತಾರೆ, ಒಬ್ಬರೇ ಇರ್ತಾರಂತೆ, ನೀನು ನಿಮ್ಮಮ್ಮನಿಗೆ ಏನೇನು ಮಾಡಿಸಿದ್ದೀಯ ಹೇಳು" ಅಂದಿದ್ದೀಯ. ಉತ್ತರ ನಿನಗೊಬ್ಬನಿಗೇ ಕಳಿಸಬಹುದಿತ್ತು. ಇಲ್ಲಿ ಹಾಕಿದರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗುತ್ತೆ ಅಂತ ಇಲ್ಲೇ ಬರೆಯುತ್ತಿದ್ದೇನೆ. ಸರಿ, ಆ ನಾಲ್ಕು ಜನ "ಎಂಥ ಮಗ" ಅನ್ನಲಿ ಅಂತಲೂ ಇದೆ. ಕೊಡೆ ಪ್ರಕರಣ ಆದಮೇಲೆ ನಿನ್ನ ಹತ್ರ ಏನು ಮುಚ್ಚುಮರೆ.

ಮೊದಲು ಬಚ್ಚಲು ನೋಡು. ಹಿಡಿದುಕೊಳ್ಳೋಕೆ ಒಂದು ರಾಡು ಹಾಕಪ್ಪ ಅಂತ ನಾನು ಪ್ಲಂಬರಿಗೆ ಫೋನಲ್ಲಿ ಹೇಳಿದೆ. ಊರಿಗೆ ಹೋಗಿ ನೋಡಿದರೆ ಟವೆಲ್ ರಾಡು ಹಾಕಿ ಹೋಗಿದ್ದಾನೆ! ಒಂದು ಸಲ ಜಗ್ಗಿದೆ, ಸ್ಕ್ರೂ ಸಮೇತ ಕೈಗೆ ಬಂತು. ಗೋಡೆಗೆ ಆಂಕರ್ ಬೋಲ್ಟ್ ಹೊಡೆದು ಕೂರಿಸಿದ ದಪ್ಪ ಸ್ಟೀಲಿನ ರಾಡೇ ಬೇಕು, ನಿನ್ನಂಥವನು ಜೋತುಬಿದ್ದರೂ ಅಲುಗಬಾರದು. ಎಷ್ಟೆತ್ತರಕ್ಕೆ ಅಂತ ಯೂಟ್ಯೂಬು ಕೇಳಬೇಡ. ಅಪ್ಪನನ್ನೇ ನಿಲ್ಲಿಸಿ, ಏಳುವಾಗ ಅವರ ಕೈ ತಾನಾಗಿ ಎಲ್ಲಿಗೆ ಹೋಗುತ್ತೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕು. ನಾನು ಹಾಗೇ ಮಾಡಿ ಅಚ್ಚುಕಟ್ಟಾಗಿ ಹಾಕಿಸಿದೆ. ಅಮ್ಮ ಈಗ ಅದರ ಮೇಲೆ ಬೈರಾಸು ಒಣಗಿಸುತ್ತಾಳೆ.

ಅಂಗಳದ ಪಾಚಿ ವಿಷಯ ತೀರ್ಥಹಳ್ಳಿ ಕಡೆಯವನಿಗೆ ನಾನೇನು ಹೇಳಲಿ. ಮಳೆಗಾಲ ಬಂತು ಅಂದರೆ ನಮ್ಮಜ್ಜ ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದ, ಯಾವ ಫಿಸಿಯೋಥೆರಪಿಯವರೂ ಬಂದು ಹೇಳಿಕೊಟ್ಟಿರಲಿಲ್ಲ. ನಾವು ಚೆಂದ ಕಾಣಲಿ ಅಂತ ಜಗಲಿಗೂ ಮೆಟ್ಟಿಲಿಗೂ ನುಣುಪು ಟೈಲ್ಸ್ ಹಾಕಿಸಿದೆವು ನೋಡು, ಗ್ರಹಚಾರ ಶುರುವಾಗಿದ್ದು ಅಲ್ಲಿಂದ. ಹಳೇ ಸೀರೆ ಮಡಚಿ ಕಾಲೊರೆಸೋಕೆ ಹಾಕಿರುತ್ತಾರಲ್ಲ, ಅದನ್ನ ಮೊದಲು ತೆಗೆಸು, ಜಾರಿ ಬೀಳೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಸವೆದ ಹವಾಯಿ ಚಪ್ಪಲಿಯನ್ನೂ ಬಿಸಾಡು. ಅವರು ಕಸದಿಂದ ಎತ್ತಿಕೊಂಡು ಬರ್ತಾರೆ, ಮತ್ತೆ ಬಿಸಾಡು.

ಮಾತ್ರೆ ವಿಷಯ ಸ್ವಲ್ಪ ಗಮನ ಕೊಟ್ಟು ಓದು. ಬಿ.ಪಿ. ಮಾತ್ರೆ ತಗೊಳ್ಳುವವರು ರಾತ್ರಿ ಮೂತ್ರಕ್ಕೆ ಅಂತ ದಡಕ್ಕನೆ ಎದ್ದು ನಿಂತರೆ ಬಿ.ಪಿ. ಒಮ್ಮೆಲೇ ಇಳಿದು ಕಣ್ಣು ಕತ್ತಲೆ ಬರಬಹುದು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಕಾಲಾಡಿಸಿ, ಆಮೇಲೆ ಏಳಬೇಕು. ನಿದ್ದೆ ಮಾತ್ರೆಯೋ ಶೀತದ ಮಾತ್ರೆಯೋ ಜೊತೆಗೆ ಸೇರಿದರೆ ಮಂಪರು ಇನ್ನೂ ಜಾಸ್ತಿ. ಅಪ್ಪ ನುಂಗುವುದನ್ನೆಲ್ಲ, ಮೆಡಿಕಲ್ ಶಾಪಿನ ಹುಡುಗ ಸುಮ್ನೆ ಕೊಟ್ಟದ್ದನ್ನೂ ಬಿಡದೆ, ಒಂದು ಚೀಲಕ್ಕೆ ತುಂಬಿ ಒಬ್ಬ ಡಾಕ್ಟರ ಮುಂದೆ ಸುರಿ. ಅಮ್ಮನ ಚೀಲದಲ್ಲಿ ಒಂದೇ ಔಷಧಿ ಎರಡು ಕಂಪನಿ ಹೆಸರಲ್ಲಿತ್ತು. ಎರಡನ್ನೂ ತಪ್ಪದೆ ನುಂಗುತ್ತಿದ್ದಳು, ಪಾಪ, ಶಿಸ್ತಿನ ಹೆಂಗಸು.

ಹಿರಿಯರ ಸಹಾಯವಾಣಿ 14567. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತೆ, ದುಡ್ಡಿಲ್ಲ. ಬೆಂಗಳೂರಿನಲ್ಲಿ ನಿಮ್ಮತ್ತೆಗೆ ಬೇಕಾದರೆ 1090. ಆಂಬುಲೆನ್ಸಿಗೆ 108. ಎಲ್ಲವನ್ನೂ ದಪ್ಪಕ್ಷರದಲ್ಲಿ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿ ಬಂದೆ. ಅದರ ಕೆಳಗೆ ಈಗ ಹಾಲಿನವನ ಲೆಕ್ಕ ಇದೆ.

ಇನ್ನು ಕ್ಯಾಮೆರಾ. ಪತ್ರ ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ನಡುಮನೆಯಲ್ಲಿ ಟಿವಿ ಪಕ್ಕ ಒಂದು ಸಣ್ಣ ಕ್ಯಾಮೆರಾ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟು ಹೋದಾಗೆಲ್ಲ ಅದೂ ಕುರುಡು, ಆದರೂ ನಂಗೊಂದು ಸಮಾಧಾನ. ಆಫೀಸಿನಲ್ಲಿ ದಿನಕ್ಕೆ ಎಂಟು ಹತ್ತು ಸಲ ತೆಗೆದು ನೋಡುತ್ತೇನೆ. ಹೋದ ತಿಂಗಳು ಒಂದು ಮಧ್ಯಾಹ್ನ ಮೀಟಿಂಗಿನ ಮಧ್ಯೆ ನೋಡಿದರೆ ಅಮ್ಮ ಒಳಗಿಂದ ಸ್ಟೂಲು ಎಳೆದುಕೊಂಡು ಬಂದಳು. ಅಟ್ಟದ ಮೇಲಿನ ಅಪ್ಪೆಮಿಡಿ ಭರಣಿಗೆ ಅಂತ ತಕ್ಷಣ ಗೊತ್ತಾಯ್ತು. ಸ್ಟೂಲು ಹತ್ತಬೇಡ ಅಂತ ದೇವರ ಮೇಲೆ ಆಣೆ ಹಾಕಿಸಿ ಬಂದಿದ್ದೆ. ಅವಳು ಒಂದು ಗಳಿಗೆ ನಿಂತಳು. ನೇರ ನನ್ನ ಕಡೆ ನೋಡಿದಳು, ಅಂದರೆ ಕ್ಯಾಮೆರಾ ಕಡೆ. ಆಮೇಲೆ ಬಂದು, ತಂಟೆ ಮಾಡಿದ ಹುಡುಗನನ್ನ ಮೂಲೆಗೆ ನಿಲ್ಲಿಸುವ ಹಾಗೆ, ಅದನ್ನ ಗೋಡೆ ಕಡೆ ತಿರುಗಿಸಿಟ್ಟಳು.

ಆಮೇಲೆ ನನಗೆ ಕಂಡಿದ್ದು ಗೋಡೆ. ತೇವಕ್ಕೆ ಉಬ್ಬಿದ ಸುಣ್ಣ, ಕ್ಯಾಲೆಂಡರಿನ ಒಂದು ಮೂಲೆ. ಸ್ಟೂಲಿನ ಕಾಲು ಕರ್ ಅಂದಿದ್ದು ಮಾತ್ರ ಕೇಳಿಸಿತು. ಆ ಕ್ಯಾಮೆರಾದಲ್ಲಿ ಈ ಕಡೆಯಿಂದಲೂ ಮಾತಾಡಬಹುದು. ಕೂಗಿದರೆ ಬೆಚ್ಚಿ ಬಿದ್ದಾಳು ಅಂತ ಬಾಯಿ ಮುಚ್ಚಿಕೊಂಡೆ, ಅಷ್ಟು ಸರಿ. ಆದರೆ ಬಾಯಿ ಮುಚ್ಚಿಕೊಂಡು ನಾನು ಮಾಡಿದ್ದೇನು ಗೊತ್ತಾ? ಲ್ಯಾಪ್‌ಟಾಪಿನಲ್ಲಿ ರಜದ ಪುಟ ತೆಗೆದು ಎಷ್ಟು ಉಳಿದಿದೆ ಅಂತ ನೋಡಿದೆ. ಹನ್ನೊಂದು. ಸೊಂಟದ ಮೂಳೆ ಮುರಿದರೆ ಆಪರೇಷನ್ನಿಗೇ ಅಷ್ಟು ಹೋಗುತ್ತೆ, ಆಮೇಲೆ ನಡೆಸಬೇಕು, ಅಕ್ಕ ಒಂದು ತಿಂಗಳು ಬಂದಾಳು, ಮಕ್ಕಳ ಪರೀಕ್ಷೆ ಅಂತ ಅವಳು ಹೊರಟರೆ ಯಾರು, ನರ್ಸು ಇಟ್ಟರೆ ಎಷ್ಟು ಕೇಳ್ತಾರೋ, ದೀಪಾವಳಿಗೆ ಬುಕ್ ಮಾಡಿದ್ದ ಗೋವಾ ಹೋಟೆಲಿನವರು ದುಡ್ಡು ವಾಪಸ್ ಕೊಡ್ತಾರೋ ಇಲ್ಲವೋ. ಇಷ್ಟೂ ಲೆಕ್ಕ ಮುಗಿಸಿದೆ ಕಣೋ. ಅಮ್ಮ ಇನ್ನೂ ಸ್ಟೂಲಿನ ಮೇಲೇ ಇದ್ದಳು. ಭಯ ಬಂತು, ಬರಲಿಲ್ಲ ಅಂತಲ್ಲ. ಆದರೆ ಮೊದಲು ಬಂದಿದ್ದು ಸಿಟ್ಟು.

ಸ್ವಲ್ಪ ಹೊತ್ತಿಗೆ ಗೋಡೆ ತಿರುಗಿ ನಡುಮನೆ ಆಯ್ತು. ಅಮ್ಮ ಏನೂ ಆಗದವಳ ಹಾಗೆ ಬತ್ತಿ ಹೊಸೆಯುತ್ತಾ ಕೂತಿದ್ದಳು. ಸಂಜೆ ಫೋನ್ ಮಾಡಿ "ಏನು ಮಾಡಿದೆ ಇವತ್ತು" ಅಂದೆ. "ಏನಿಲ್ಲಪ್ಪ, ಸುಮ್ನೆ ಕೂತಿದ್ದೆ" ಅಂದಳು. "ಹೌದಾ" ಅಂದೆ.

ಸಿನಿಮಾ ಆಗಿದ್ದರೆ ಆ ಉಪ್ಪಿನಕಾಯಿ ಪಾರ್ಸೆಲ್ ಆಗಿ ಬೆಂಗಳೂರಿಗೆ ಬರಬೇಕಿತ್ತು, ನಾನು ಭರಣಿ ತಬ್ಬಿಕೊಂಡು ಅಳಬೇಕಿತ್ತು. ಬರಲಿಲ್ಲ. ಅದು ಶುಕ್ರವಾರದ ಭಜನೆ ಹೆಂಗಸರಿಗೆ. ಹಾಗೊಂದು ಭಜನೆ ಗುಂಪಿದೆ, ನಮ್ಮ ಮನೆಗೇ ಬರುತ್ತದೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಅವತ್ತೂ ಕ್ಯಾಮೆರಾ ಗೋಡೆಗೆ. ತಾಳ ನಿಂತಮೇಲೆ ಅವಲಕ್ಕಿ ತಟ್ಟೆಯ ಸದ್ದು, ನಾಲ್ಕೈದು ಜನರ ನಗು. ಯಾರೋ ಕ್ಯಾಮೆರಾ ಬಗ್ಗೆ ಕೇಳಿರಬೇಕು, ನಮ್ಮಮ್ಮ ಶುರುಮಾಡಿದಳು: "ಅಮ್ಮಾ, ಮಾತ್ರೆ ತಗೊಂಡ್ಯಾ? ಊಟ ಆಯ್ತಾ? ಎಲ್ಲೂ ಬಿದ್ದಿಲ್ಲ ತಾನೇ? ಸರಿ, ಮೀಟಿಂಗ್ ಇದೆ, ಇಡ್ಲಾ?"

ನನ್ನದೇ ದನಿ ಮಾರಾಯ. ಆ "ಇಡ್ಲಾ"ದ ಎಳೆತ ಸಮೇತ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಒಬ್ಬರು ಅಂದರು, "ನಿಮ್ಮವನು ಅಷ್ಟಾದರೂ ಕೇಳ್ತಾನೆ, ನಮ್ಮವನು ಬರೀ ಹೆಬ್ಬೆರಳು ಕಳಿಸ್ತಾನೆ."

ಅಮ್ಮ ಹಾಗೆ ನಕ್ಕಿದ್ದನ್ನ ನಾನು ಕೇಳಿ ಎಷ್ಟು ವರ್ಷ ಆಗಿತ್ತು ಅಂತ ಲೆಕ್ಕ ಹಾಕೋಕೆ ಹೋದೆ. ಅಪ್ಪ ಇದ್ದಾಗಲೇ ಇರಬೇಕು. ನನ್ನ ತಲೆಯಲ್ಲಿ ಅವಳು ದಿನವಿಡೀ ಬೀಳುವುದಕ್ಕೋ ಬೀಳದೇ ಇರುವುದಕ್ಕೋ ಕೂತಿರುವ ಮುದುಕಿ. ಬೇರೆ ಏನಾದರೂ ಕೆಲಸ ಇರಬಹುದು ಅಂತ ಹೊಳೆದೇ ಇರಲಿಲ್ಲ.

ಸರಿ, ಸಾಕು, ಜಾಸ್ತಿ ಆಯ್ತು. ಕೇಳು ಮುಂದಿನದು. ಮರುದಿನ ದೊಡ್ಡ ನಿರ್ಧಾರ ಮಾಡಿ ಫೋನ್ ಹಚ್ಚಿದೆ, ಆ ನಾಲ್ಕು ಪ್ರಶ್ನೆ ಕೇಳಲೇಬಾರದು ಅಂತ. ಭಜನೆಗೆ ಯಾರ್ಯಾರು ಬಂದಿದ್ದರು ಅಂತ ಕೇಳುವ ಹಾಗಿಲ್ಲ, ಕದ್ದು ಕೇಳಿದ್ದು ಗೊತ್ತಾಗುತ್ತೆ. "ಮಳೆ ಹೇಗಿದೆ, ಮಲ್ಲಿಗೆ ಗಿಡ ಹೇಗಿದೆ, ಇವತ್ತು ಏನು ಸಾರು" ಅಂತೆಲ್ಲ ಹತ್ತು ನಿಮಿಷ ಎಳೆದೆ. ಆ ಕಡೆ ಮಾತೇ ಇಲ್ಲ. ಆಮೇಲೆ ಮೆಲ್ಲಗೆ, "ಏನೋ ಆಯ್ತು ನಿಂಗೆ? ಕೆಲಸ ಹೋಯ್ತಾ?" ಅಂದಳು. "ಮಾತ್ರೆ ತಗೊಂಡ್ಯಾ" ಅಂದೆ. ಆಗ ಅವಳಿಗೆ ಸಮಾಧಾನ ಆಯ್ತು.

2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ತಂದೆತಾಯಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೇಳಬಹುದಂತೆ. ಅಣಕಿಸಿದ್ದಕ್ಕೆ ಮಕ್ಕಳು ತಿರುಗಿ ಕೇಸ್ ಹಾಕಬಹುದಾ ಅಂತ ನಿಮ್ಮ ಭಾವನನ್ನ ಕೇಳಿ ಹೇಳು, ಲಾಯರಲ್ವಾ.

ರಾಡು ಹಾಕಿಸುವಾಗ ಪಕ್ಕದಲ್ಲೇ ಬೈರಾಸಿಗೆ ಬೇರೆ ಹಗ್ಗ ಕಟ್ಟಿಸು, ಮರೀಬೇಡ. ಅಟ್ಟದ ಮೇಲಿನ ಭರಣಿ ಕೆಳಗಿಳಿಸಿ ಬಾ. ನಾನು ಈ ಶನಿವಾರ ಹೋಗಿ ಇಳಿಸಬೇಕು, ರಜ ಇನ್ನೂ ಹನ್ನೊಂದೇ ಇದೆ.

ಕೊಡೆ ವಾಪಸ್ ಕೊಡು.

ನಿನ್ನ,
ಇಡ್ಲಾ