ಹತ್ತು ಜನ ಕೂಡಲು ಒಂದು ಜಾಗ ಬೇಕು: ಬೆಂಗಳೂರಿನ ಪುಟ್ಟ ಯಹೂದಿ ಕೂಟದ ದೇಣಿಗೆ ಮನವಿ

ಆತ್ಮೀಯರೇ,

ಶಾಲೋಮ್, ನಮಸ್ಕಾರ.

ಬೆಂಗಳೂರಿನಲ್ಲಿ ಯಹೂದಿಗಳಿದ್ದಾರಾ ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ. ಇದ್ದೇವೆ. ಬೆರಳೆಣಿಕೆಯ ಮನೆಗಳು, ಅಷ್ಟೇ. ಬಹಳಷ್ಟು ಮನೆಗಳವರು ಕೊಂಕಣ ಕರಾವಳಿಯಿಂದ ಬಂದ ಬೆನೆ ಇಸ್ರೇಲಿಗಳು. ಕೆಲವರ ಹಿರಿಯರು ಬಾಗ್ದಾದ್ ಕಡೆಯವರು. ಇತ್ತೀಚೆಗೆ ಕೆಲಸಕ್ಕೆಂದು ಬೇರೆ ದೇಶಗಳಿಂದ ಬಂದು ಇಲ್ಲೇ ಮನೆ ಮಾಡಿದವರೂ ಇದ್ದಾರೆ. ಮನೆಯಲ್ಲಿ ಮರಾಠಿ ಮಾತಾಡುವ ಅಜ್ಜಿ, ಬೀದಿಯಲ್ಲಿ ಕನ್ನಡ ಮಾತಾಡುವ ಮೊಮ್ಮಗ, ಪ್ರಾರ್ಥನೆ ಹೀಬ್ರೂ ಭಾಷೆಯಲ್ಲಿ. ನಮ್ಮ ಬದುಕು ಹೀಗೆ ನಡೆದಿದೆ.

ಈ ಊರಿನಲ್ಲಿ ನಮ್ಮ ಕೂಟಕ್ಕೆ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಇಲ್ಲ. ಮುಂಬೈಯಲ್ಲಿದೆ, ಅಲಿಬಾಗ್‌ನಲ್ಲಿದೆ, ಕೊಚ್ಚಿಯಲ್ಲಿದೆ. ಇಲ್ಲಿ ನಾವು ಯಾರದಾದರೂ ಮನೆಯ ಹಾಲ್‌ನಲ್ಲಿ ಸೇರುತ್ತೇವೆ. ಸೋಫಾ ಗೋಡೆಗೆ ಸರಿಸಿ, ಪಕ್ಕದ ಮನೆಯಿಂದ ಕುರ್ಚಿ ತಂದು ಹಾಕುತ್ತೇವೆ. ಸಣ್ಣ ಹಬ್ಬಕ್ಕೆ ಇದು ಸಾಕು. ದೊಡ್ಡ ಹಬ್ಬಕ್ಕೆ ಸಾಲುವುದಿಲ್ಲ. ಅದಕ್ಕೇ ಈ ಮನವಿ.

ನಮ್ಮ ಸಂಪ್ರದಾಯದಲ್ಲಿ ಒಬ್ಬನೇ ಕೂತು ಪ್ರಾರ್ಥಿಸಬಹುದು. ಆದರೆ ಕೆಲವನ್ನು ಒಬ್ಬನೇ ಮಾಡುವಂತಿಲ್ಲ. ನಮ್ಮ ಧರ್ಮಗ್ರಂಥ ತೋರಾದ ಸುರುಳಿಯನ್ನು ಬಿಚ್ಚಿ ಸಭೆಯಲ್ಲಿ ಓದಲು, ತೀರಿಕೊಂಡವರಿಗಾಗಿ ಕದ್ದೀಶ್ ಪ್ರಾರ್ಥನೆ ಹೇಳಲು, 13 ವರ್ಷ ದಾಟಿದ ಹತ್ತು ಗಂಡಸರು ಸೇರಬೇಕು. ಇದಕ್ಕೆ ಮಿನ್ಯಾನ್ ಎನ್ನುತ್ತೇವೆ. ಒಂಬತ್ತು ಜನ ಬಂದರೆ ಆಗುವುದಿಲ್ಲ. ದೊಡ್ಡ ಊರಿನ ದೊಡ್ಡ ಸಭೆಗೆ ಇದೊಂದು ವಿಷಯವೇ ಅಲ್ಲ. ನಮಗೆ ಮಾತ್ರ ಪ್ರತಿ ಸಲವೂ ಇದೇ ಚಿಂತೆ. ಒಬ್ಬರಿಗೆ ಜ್ವರ ಬಂದರೆ, ಇನ್ನೊಬ್ಬರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ, ಅಪ್ಪನ ತಿಥಿಗೆ ಬಂದ ಮಗ ಕದ್ದೀಶ್ ಹೇಳದೆಯೇ ವಾಪಸ್ ಹೋಗಬೇಕು. ಇಂಥದ್ದು ಆಗಿದೆ. ಆಗಬಾರದು ಅನ್ನುವುದೇ ನಮ್ಮ ಆಸೆ.

ಶುಕ್ರವಾರ ಸಂಜೆ ನಮ್ಮಲ್ಲಿಗೆ ಬಂದವರಿಗೆ ಮೊದಲು ಕಾಣುವುದು ಅಡುಗೆಮನೆಯ ಕಟ್ಟೆ. ಒಣದ್ರಾಕ್ಷಿಯನ್ನು ಮೊದಲೇ ನೀರಿನಲ್ಲಿ ನೆನೆಹಾಕಿರುತ್ತಾರೆ. ಅದನ್ನು ಕೈಯಲ್ಲೇ ಕಿವುಚಿ, ಬಟ್ಟೆಯಲ್ಲಿ ಸೋಸಿದರೆ ಕಂದು ಬಣ್ಣದ ಶರಬತ್ತು. ವೈನ್ ಸಿಗದ ಕೊಂಕಣದ ಹಳ್ಳಿಗಳಲ್ಲಿ ನಮ್ಮ ಹಿರಿಯರು ಕಿದ್ದೂಶ್‌ಗೆ, ಅಂದರೆ ಲೋಟ ಹಿಡಿದು ಹೇಳುವ ಆಶೀರ್ವಾದಕ್ಕೆ, ಇದನ್ನೇ ಬಳಸುತ್ತಿದ್ದರು. ಈಗಲೂ ಹಾಗೇ. ಪಕ್ಕದಲ್ಲಿ ಗಾಜಿನ ಲೋಟ, ಅದರಲ್ಲಿ ಅರ್ಧ ನೀರು, ಮೇಲೆ ಎಣ್ಣೆ, ತೇಲುವ ಬತ್ತಿ. ಮೇಣದಬತ್ತಿ ಇದ್ದರೂ ನಮ್ಮ ಅಜ್ಜಿಯರಿಗೆ ಎಣ್ಣೆದೀಪವೇ ಆಗಬೇಕು. ಮಾಂಸದ ಅಡುಗೆಯಿದ್ದರೆ ಹಾಲು, ತುಪ್ಪ ಹತ್ತಿರ ಸುಳಿಯುವಂತಿಲ್ಲ. ಹಾಗಾಗಿ ಎಲ್ಲದಕ್ಕೂ ತೆಂಗಿನ ಹಾಲು. ಸೂರ್ಯ ಮುಳುಗುವ ಮುಂಚೆ ದೀಪ ಹಚ್ಚಿದರೆ, ಶನಿವಾರ ನಕ್ಷತ್ರ ಮೂಡುವ ತನಕ ಶಬ್ಬಾತ್. ಆ ದಿನ ಕೆಲಸವಿಲ್ಲ. ಕೊಂಕಣದಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ನಮ್ಮವರು ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಊರವರು ಅವರನ್ನು ಶನಿವಾರ್ ತೇಲಿ ಎಂದು ಕರೆದರು.

ನಮಗೂ ಈ ನಾಡಿಗೂ ಹಳೆಯ ನಂಟಿದೆ. ಮುಂಬೈಯ ಮೊದಲ ಸಿನಗಾಗ್, ಮಸ್ಜಿದ್ ಬಂದರ್ ಹತ್ತಿರದ ಶಾರ್ ಹಾರಹಮೀಮ್, ಕಟ್ಟಿದ್ದು 1796ರಲ್ಲಿ. ಕಟ್ಟಿಸಿದವರು ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್, ಈಸ್ಟ್ ಇಂಡಿಯಾ ಕಂಪನಿ ಸೇನೆಯಲ್ಲಿದ್ದವರು. ಮೈಸೂರು ಯುದ್ಧದಲ್ಲಿ ಅವರು ಟಿಪ್ಪುವಿನ ಸೈನ್ಯಕ್ಕೆ ಸೆರೆ ಸಿಕ್ಕರು. ನಾನು ಬೆನೆ ಇಸ್ರೇಲಿ ಅಂತ ಅವರು ಹೇಳಿಕೊಂಡಾಗ, ಈ ಹೆಸರು ಕುರಾನ್‌ನಲ್ಲಿ ಬರುತ್ತದೆ, ಇವರನ್ನು ಕೊಲ್ಲಬೇಡ ಎಂದು ಟಿಪ್ಪುವಿನ ತಾಯಿ ಮಗನಿಗೆ ಹೇಳಿದರಂತೆ. ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತಿದು. ಬದುಕಿ ಊರಿಗೆ ಮರಳಿದರೆ ದೇವರಿಗೊಂದು ಮನೆ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದರು, ಅದನ್ನು ತೀರಿಸಿದರು. ಶಾರ್ ಹಾರಹಮೀಮ್ ಅಂದರೆ ಕರುಣೆಯ ಬಾಗಿಲು. ಮುಂಬೈಯ ಆ ಬಾಗಿಲಿನ ಮುಂದೆ ನಿಂತಾಗ ನಮಗೆ ಕರ್ನಾಟಕ ನೆನಪಾಗುವುದು ಇದಕ್ಕೇ.

ಬೆಂಗಳೂರಿನ ಕಥೆ ಇನ್ನೂ ಈಚಿನದು. ಮೈಸೂರು ರಸ್ತೆಯಲ್ಲಿರುವ ಯಹೂದಿ ಸ್ಮಶಾನದ ಜಾಗವನ್ನು 1904ರಲ್ಲಿ ಕೊಟ್ಟವರು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಸೈನ್ಯದಲ್ಲಿದ್ದ ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್ ಅವರದು ಅಲ್ಲಿನ ಮೊದಮೊದಲ ಸಮಾಧಿಗಳಲ್ಲಿ ಒಂದು. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ದೊಡ್ಡ ಬೂಟಿನ ಅಂಗಡಿ ನಡೆಸುತ್ತಿದ್ದ ರೂಬಿನ್ ಮೋಸೆಸ್ ಅವರ ಹೆಸರು ಹಳೇ ದಂಡು ಪ್ರದೇಶದ ಹಿರಿಯರಿಗೆ ಈಗಲೂ ಗೊತ್ತು. ಆಗಲೂ ಇಲ್ಲಿ ಸಿನಗಾಗ್ ಇರಲಿಲ್ಲ. ಹಬ್ಬ ಬಂದರೆ ಎಲ್ಲರೂ ಅವರ ಮನೆಯಲ್ಲೇ ಸೇರುತ್ತಿದ್ದರು. ಅಂಥ ದೊಡ್ಡ ಮನೆ ಈಗ ನಮ್ಮಲ್ಲಿ ಯಾರಿಗೂ ಇಲ್ಲ. ಇಸ್ರೇಲ್ ದೇಶ ಹುಟ್ಟಿದ ಮೇಲೆ, 1950 ಮತ್ತು 60ರ ದಶಕಗಳಲ್ಲಿ, ಬೆನೆ ಇಸ್ರೇಲಿಗಳಲ್ಲಿ ಬಹುಪಾಲು ಜನ ಅಲ್ಲಿಗೆ ಹೋದರು. ಹೋದವರ ಮೇಲೆ ನಮಗೆ ಬೇಸರವಿಲ್ಲ. ಉಳಿದವರು ಇಲ್ಲಿ ಚೆನ್ನಾಗಿಯೇ ಇದ್ದೇವೆ. ಯಹೂದಿ ಅನ್ನುವ ಕಾರಣಕ್ಕೆ ಈ ಊರಿನಲ್ಲಿ ನಮ್ಮನ್ನು ಯಾರೂ ನೋಯಿಸಿಲ್ಲ. ಇದನ್ನು ಕೃತಜ್ಞತೆಯಿಂದ ಹೇಳುತ್ತೇವೆ. ಆದರೆ ಕೂಡುವವರು ಕಡಿಮೆಯಾದಷ್ಟೂ ಖರ್ಚಿನ ಭಾರ ಜಾಸ್ತಿಯಾಗುತ್ತದೆ, ಅಲ್ವಾ?

ಈಗ ಮುಂದಿನ ತಿಂಗಳುಗಳ ವಿಷಯ.

ನಮ್ಮ ಹೊಸ ವರ್ಷ ರೋಶ್ ಹಶನಾ 2026ರ ಸೆಪ್ಟೆಂಬರ್ 11, ಶುಕ್ರವಾರ ಸಂಜೆ ಶುರುವಾಗುತ್ತದೆ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು 5787ನೇ ವರ್ಷ. ಶನಿವಾರ ಮತ್ತು ಭಾನುವಾರ ಹಬ್ಬ. ಟಗರಿನ ಕೊಂಬಿನ ಶೋಫಾರ್ ಊದುವುದು ಈ ಹಬ್ಬದ ಜೀವಾಳ. ಆದರೆ ಶಬ್ಬಾತ್‌ನಂದು ಶೋಫಾರ್ ಊದುವಂತಿಲ್ಲ. ಈ ಸಲ ಮೊದಲ ದಿನವೇ ಶನಿವಾರ. ಹಾಗಾಗಿ ಭಾನುವಾರ, 13ನೇ ತಾರೀಕು ಬೆಳಗ್ಗೆ ಮಾತ್ರ ಊದುತ್ತೇವೆ. ಮಕ್ಕಳಿರುವವರು ಆ ದಿನ ತಪ್ಪದೆ ಬನ್ನಿ. ಸೇಬು ಜೇನುತುಪ್ಪ ಇರುತ್ತದೆ, ಗೋಧಿ ಹಾಲು ತೆಂಗಿನ ಹಾಲು ಹಾಕಿ ಗಂಟೆಗಟ್ಟಲೆ ತಿರುವಿದ ಹಲ್ವಾ ಇರುತ್ತದೆ. ಮಾರನೇ ದಿನ ಸೋಮವಾರ ಗಣೇಶನ ಹಬ್ಬ. ನಮಗೆ ಅದು ಖುಷಿಯೇ, ಆದರೆ ಆ ವಾರ ಊರಿನ ಹಾಲ್‌ಗಳೆಲ್ಲ ಮೊದಲೇ ಬುಕ್ ಆಗಿರುತ್ತವೆ, ಬಾಡಿಗೆಯೂ ಏರಿರುತ್ತದೆ. ಶಬ್ಬಾತ್‌ನಲ್ಲಿ ವಾಹನ ಹತ್ತದ ಹಿರಿಯರಿದ್ದಾರೆ. ಅವರು ನಡೆದು ಬರುವಷ್ಟು ಹತ್ತಿರ ಉಳಿದುಕೊಳ್ಳಲು ಕೋಣೆಗಳೂ ಬೇಕು.

ಸೆಪ್ಟೆಂಬರ್ 20, ಭಾನುವಾರ ಸಂಜೆ ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪೂರ್ ಶುರು. ಸೋಮವಾರ ಕತ್ತಲಾಗುವ ತನಕ ಸುಮಾರು 25 ಗಂಟೆ ಅನ್ನ ನೀರು ಮುಟ್ಟುವುದಿಲ್ಲ. ಬಿಳಿ ಬಟ್ಟೆ ಉಟ್ಟು ದಿನವಿಡೀ ಪ್ರಾರ್ಥನೆ. ವರ್ಷದಲ್ಲಿ ಒಂದೇ ಸಲ ಬರುವವರೂ ಈ ದಿನಕ್ಕೆ ಬಂದೇ ಬರುತ್ತಾರೆ. ಹಂಪಿ, ಗೋಕರ್ಣ ಸುತ್ತಲು ಬಂದ ಇಸ್ರೇಲಿ ಹುಡುಗರು ಬೆನ್ನಿಗೆ ಬ್ಯಾಗ್ ಹಾಕಿಕೊಂಡೇ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಎಷ್ಟೋ ಸಲ ನಮ್ಮ ಹತ್ತನೆಯವರು ಅವರೇ. ಇಡೀ ದಿನದ ಪ್ರಾರ್ಥನೆಯನ್ನು ರಾಗವಾಗಿ ನಡೆಸಿಕೊಡಬಲ್ಲ ಹಜ್ಜಾನ್ ನಮ್ಮಲ್ಲಿ ಇಲ್ಲ. ಮಹಾರಾಷ್ಟ್ರದಿಂದ ಒಬ್ಬರನ್ನು ಕರೆಸಬೇಕು. ಅವರ ಪ್ರಯಾಣ, ಊಟ, ವಸತಿ, ಗೌರವಧನ ನಮ್ಮದು. ಉಪವಾಸ ಬಿಡುವಾಗ ದ್ರಾಕ್ಷಿ ಶರಬತ್ತು, ಕರ್ಜಿಕಾಯಿಯ ಹಾಗೆ ಒಳಗೆ ಹೂರಣವಿರುವ ಸಿಹಿ ಪೂರಿ.

ಸುಕ್ಕೋತ್ ಹಬ್ಬದ ಮೊದಲ ದಿನ ಸೆಪ್ಟೆಂಬರ್ 26. ಬಯಲಲ್ಲಿ ಚಪ್ಪರ ಹಾಕಿ ಅದರಡಿ ಊಟ ಮಾಡುವ ಹಬ್ಬ ಇದು. ಮೇಲೆ ತೆಂಗಿನ ಗರಿ ಹೊದಿಸುತ್ತೇವೆ, ಆದರೆ ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಆಕಾಶ ಕಾಣಬೇಕು. ಗರಿಯನ್ನು ಪಕ್ಕದ ಮನೆಯವರು ಪ್ರೀತಿಯಿಂದ ಕೊಡುತ್ತಾರೆ, ಹಣ ಮುಟ್ಟುವುದಿಲ್ಲ. ಕಾಸು ಬೇಕಾಗುವುದು ಕಂಬ, ದೀಪ, ಊಟಕ್ಕೆ ಮತ್ತು ಕೈಯಲ್ಲಿ ಹಿಡಿದು ಪ್ರಾರ್ಥಿಸುವ ಎತ್ರೋಗ್‌ಗೆ. ಅದು ಮಾದಲ ಹಣ್ಣಿನ ಜಾತಿಯದೇ. ಆದರೆ ಕಸಿ ಮಾಡದ ಗಿಡದ್ದಾಗಿರಬೇಕು, ಸಿಪ್ಪೆಯ ಮೇಲೆ ಕಲೆ ಇರಬಾರದು. ಅಂಥದ್ದು ಸುಲಭಕ್ಕೆ ಸಿಗುವುದಿಲ್ಲ.

ನಮ್ಮ ದೀಪದ ಹಬ್ಬ ಹನುಕ್ಕಾದ ಮೊದಲ ದೀಪ ಡಿಸೆಂಬರ್ 4ರ ಸಂಜೆ. ಅದನ್ನು ಮನೆಮನೆಗಳಲ್ಲೇ ಮಾಡಿಕೊಳ್ಳುತ್ತೇವೆ, ಅದಕ್ಕೇನೂ ಕೇಳುತ್ತಿಲ್ಲ. 2027ರ ಜನವರಿ 23, ಗಿಡಮರಗಳ ಹೊಸ ವರ್ಷ ತು ಬಿಶ್ವಾತ್. ಅವತ್ತು ಸಂಜೆ ಶಬ್ಬಾತ್ ಮುಗಿದ ಮೇಲೆ ಮಲೀದಾ. ಬೆನೆ ಇಸ್ರೇಲಿಗಳಿಗೆ ಇದು ಎಲ್ಲಕ್ಕಿಂತ ಹತ್ತಿರದ ಆಚರಣೆ. ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಕಲಸಿ ದೊಡ್ಡ ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲಿಯಾಹುವನ್ನು ನೆನೆದು ಹಾಡುತ್ತೇವೆ. ಹೊಸ ಮನೆಗೆ, ಮದುವೆಗೆ, ಹರಕೆ ತೀರಿದ್ದಕ್ಕೆ, ಎಲ್ಲದಕ್ಕೂ ನಮ್ಮಲ್ಲಿ ಮಲೀದಾ ಉಂಟು.

ಇಷ್ಟರ ಜೊತೆ ಈ ವರ್ಷ ಒಂದು ಹೊಸ ಕೆಲಸಕ್ಕೆ ಕೈಹಾಕಿದ್ದೇವೆ. ನಮ್ಮ ಮನಸ್ಸು ಹೆಚ್ಚು ಇರುವುದು ಇದರಲ್ಲೇ. ಕನ್ನಡ ಲಿಪಿಯಲ್ಲಿ ಒಂದು ಪ್ರಾರ್ಥನಾ ಪುಸ್ತಕ. ಇಲ್ಲಿ ಹುಟ್ಟಿದ ಮಕ್ಕಳಿಗೆ ಹೀಬ್ರೂ ಅಕ್ಷರ ಇನ್ನೂ ಕೈಹತ್ತಿಲ್ಲ, ಮರಾಠಿ ಓದಲು ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಉಚ್ಚಾರ ಕೆಡುತ್ತದೆ. ಕನ್ನಡದಲ್ಲಿ ಬರೆದುಕೊಟ್ಟರೆ ದೀರ್ಘ, ಹ್ರಸ್ವ, ಒತ್ತು ಎಲ್ಲ ಸರಿಯಾಗಿ ಬಾಯಿಗೆ ಬರುತ್ತದೆ. ಮಕ್ಕಳಿಗೆ ಒಂದು ಹಾಳೆಯಲ್ಲಿ ‘ಶೆಮಾ ಯಿಸ್ರಾಯೇಲ್’ ಪ್ರಾರ್ಥನೆ ಬರೆದುಕೊಟ್ಟೆವು. ಅದುವರೆಗೆ ತುಟಿ ಮಾತ್ರ ಆಡಿಸುತ್ತಿದ್ದ ಹುಡುಗಿಯೊಬ್ಬಳು ಜೋರಾಗಿ ಓದಿದಳು. ಅವಳ ಅಜ್ಜಿ ಎದ್ದು ಬಂದು ಹಾಳೆಯನ್ನೊಮ್ಮೆ ನೋಡಿ, ಮೊಮ್ಮಗಳ ತಲೆ ಸವರಿದರು.

ಇದು ನಮ್ಮವರಿಗೆ ಹೊಸ ದಾರಿಯೂ ಅಲ್ಲ. ಪೆಸಾಹ್ ಹಬ್ಬದ ರಾತ್ರಿ ಓದುವ ಪುಸ್ತಕ ಹಗ್ಗಾದಾ 1846ರಲ್ಲೇ ಮುಂಬೈಯಲ್ಲಿ ಮರಾಠಿ ಅನುವಾದದ ಜೊತೆ ಅಚ್ಚಾಗಿತ್ತು. 1874ರಲ್ಲಿ ಪುಣೆಯಲ್ಲಿ ಚಿತ್ರಗಳಿರುವ ಇನ್ನೊಂದು ಬಂತು. ಅದರಲ್ಲಿ ನಮ್ಮ ಹೆಂಗಸರು ಸೀರೆಯುಟ್ಟು ನೆಲದ ಮೇಲೆ ಕೂತು ಹುಳಿಯಿಲ್ಲದ ಮತ್ಸಾ ರೊಟ್ಟಿ ತಟ್ಟುತ್ತಿರುವ ಚಿತ್ರವಿದೆ. ಅವರು ತಮ್ಮ ಮಕ್ಕಳಿಗಾಗಿ ಮರಾಠಿಯಲ್ಲಿ ಮಾಡಿದ್ದನ್ನು ನಾವು ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ಮಾಡುತ್ತಿದ್ದೇವೆ. ಶುಕ್ರವಾರದ ಪ್ರಾರ್ಥನೆ, ಊಟದ ನಂತರದ ಆಶೀರ್ವಾದ, ಮಲೀದಾ ಹಾಡು, ಕದ್ದೀಶ್ ಇಷ್ಟು ಮೊದಲ ಭಾಗದಲ್ಲಿರುತ್ತದೆ. ಎದುರು ಪುಟದಲ್ಲಿ ಸರಳ ಕನ್ನಡ ಅರ್ಥ. ಕರಡು ಸಿದ್ಧವಾಗಿದೆ. ಹೀಬ್ರೂ ಚೆನ್ನಾಗಿ ಬಲ್ಲವರು ತಿದ್ದುತ್ತಿದ್ದಾರೆ. ಅಚ್ಚಿಗೆ ಹಣ ಬೇಕು.

ಇನ್ನೊಂದು ಕೆಲಸ ಮೈಸೂರು ರಸ್ತೆಯ ಸ್ಮಶಾನದ್ದು. ಮಳೆಗಾಲ ಕಳೆದರೆ ಸಮಾಧಿಗಳ ನಡುವೆ ಕಳೆ ಎದೆಯೆತ್ತರ ಬೆಳೆಯುತ್ತದೆ. ಹಳೆಯ ಕಲ್ಲುಗಳ ಮೇಲಿನ ಅಕ್ಷರ ಮಾಸುತ್ತಿದೆ. ಕೂಲಿಯವರನ್ನು ಹಚ್ಚಿ ಕಳೆ ತೆಗೆಸಬೇಕು, ವಯಸ್ಸಾದವರು ಜಾರದಂತೆ ಕಾಲುದಾರಿಗೆ ಕಲ್ಲು ಹಾಸಬೇಕು, ಬರಹ ಪೂರ್ತಿ ಅಳಿಯುವ ಮುಂಚೆ ಪ್ರತಿ ಕಲ್ಲಿನ ಫೋಟೋ ತೆಗೆದು ದಾಖಲಿಸಬೇಕು. ನಾವು ಸಮಾಧಿಗೆ ಹೂವಿಡುವುದಿಲ್ಲ, ಒಂದು ಸಣ್ಣ ಕಲ್ಲು ಇಟ್ಟು ಬರುತ್ತೇವೆ. ದೂರದ ದೇಶಗಳಿಂದ ಅಜ್ಜನ ಸಮಾಧಿ ಹುಡುಕಿಕೊಂಡು ಬರುವವರಿದ್ದಾರೆ. ಅವರಿಗೆ ಆ ಕಲ್ಲಿಡಲು ದಾರಿಯಾದರೂ ಇರಬೇಕು.

ಲೆಕ್ಕ ಹೀಗಿದೆ. ಮೂರು ಹಬ್ಬಗಳಿಗೆ ಹಾಲ್, ಕೋಣೆ, ಊಟ ಸೇರಿ ₹1,20,000. ಹಜ್ಜಾನ್ ಅವರನ್ನು ಕರೆಸಲು ₹45,000. 200 ಪ್ರಾರ್ಥನಾ ಪುಸ್ತಕಗಳಿಗೆ, ಒಂದಕ್ಕೆ ₹400ರಂತೆ, ₹80,000. ಸ್ಮಶಾನದ ಕೆಲಸಕ್ಕೆ ₹1,50,000. ಮಲೀದಾ ಮತ್ತು ಮಕ್ಕಳ ಭಾನುವಾರದ ತರಗತಿಗೆ ₹35,000. ಒಟ್ಟು ₹4,30,000. ನಮ್ಮ ಮನೆಗಳವರು ತಮ್ಮ ಪಾಲು ಹಾಕುತ್ತಿದ್ದಾರೆ. ಪೆನ್ಷನ್‌ನಲ್ಲೇ ಬದುಕುವ ಹಿರಿಯರೂ ಹಾಕಿದ್ದಾರೆ. ಆದರೂ ಅರ್ಧದಷ್ಟು ದಾಟುವುದು ಕಷ್ಟ.

ನೀವು ಯಹೂದಿಗಳೇ ಆಗಿರಬೇಕೆಂದಿಲ್ಲ. ₹400 ಕೊಟ್ಟರೆ ಒಂದು ಮಗುವಿನ ಕೈಗೆ ಒಂದು ಪುಸ್ತಕ. ಹಣದ ಬದಲು ಬೇರೆ ಸಹಾಯವೂ ಆಗಬಹುದು. ಸೆಪ್ಟೆಂಬರ್ ಎರಡನೇ ವಾರ ಖಾಲಿ ಇರುವ ಸಣ್ಣ ಹಾಲ್ ಗೊತ್ತಿದ್ದರೆ ಹೇಳಿ. ಕನ್ನಡ ಪುಟ ವಿನ್ಯಾಸ ಬಲ್ಲವರು, ಹಳೆಯ ಕಲ್ಲಿನ ಬರಹ ಓದಿ ಅನುಭವ ಇರುವವರು ಒಂದೆರಡು ಭಾನುವಾರ ಕೊಟ್ಟರೆ ದೊಡ್ಡ ಉಪಕಾರ. ನಿಮ್ಮ ಹಿರಿಯರು ಯಾರಾದರೂ ಇಲ್ಲಿನ ಯಹೂದಿ ಸಮಾಜದವರಾಗಿದ್ದು, ಹಳೆಯ ಫೋಟೋ, ಮದುವೆಯ ಕೆತುಬಾ ಪತ್ರ ಮನೆಯಲ್ಲಿದ್ದರೆ ಪ್ರತಿ ಮಾಡಿಕೊಳ್ಳಲು ಕೊಡಿ, ಜೋಪಾನವಾಗಿ ವಾಪಸ್ ತಂದುಕೊಡುತ್ತೇವೆ.

ಖಾತೆ ಮತ್ತು ಯುಪಿಐ ವಿವರ ಈ ಮನವಿಯ ಜೊತೆಗಿನ ಹಾಳೆಯಲ್ಲಿದೆ. ಹಣ ಹಾಕುವಾಗ ಪುಸ್ತಕಕ್ಕೋ, ಹಬ್ಬಕ್ಕೋ, ಸ್ಮಶಾನಕ್ಕೋ ಅಂತ ಒಂದು ಪದ ಬರೆದರೆ ಅದಕ್ಕೇ ಬಳಸುತ್ತೇವೆ. ಪ್ರತಿಯೊಬ್ಬರಿಗೂ ರಸೀದಿ ಸಿಗುತ್ತದೆ. ಖರ್ಚಿನ ಪೂರ್ತಿ ಲೆಕ್ಕವನ್ನು ಮಲೀದಾ ದಿನ ಎಲ್ಲರ ಮುಂದೆ ಓದುತ್ತೇವೆ. ಹಾಲ್‌ಗೆ ಮುಂಗಡ ಕಟ್ಟಬೇಕಿರುವುದರಿಂದ ಹಬ್ಬದ ದೇಣಿಗೆಯನ್ನು ಆಗಸ್ಟ್ 15ರೊಳಗೆ ತಲುಪಿಸಿದರೆ ಅನುಕೂಲ.

ಸೆಪ್ಟೆಂಬರ್ 27, ಭಾನುವಾರ ಮಧ್ಯಾಹ್ನ ಸುಕ್ಕೋತ್ ಚಪ್ಪರದ ಊಟಕ್ಕೆ ದಾನಿಗಳು, ನೆರೆಹೊರೆಯವರು ಎಲ್ಲರಿಗೂ ಆಹ್ವಾನವಿದೆ. ಅಡುಗೆ ಪೂರ್ತಿ ಸಸ್ಯಾಹಾರ. ಎಷ್ಟು ಜನ ಬರುತ್ತೀರಿ ಅಂತ ಎರಡು ದಿನ ಮೊದಲು ತಿಳಿಸಿ. ಮನೆಯ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಚಪ್ಪರಕ್ಕೆ ಹಣ್ಣು ಕಟ್ಟುವ ಕೆಲಸ ಅವರದೇ.

ಇಂತಿ,
ಕೂಟದ ಹಬ್ಬ ಮತ್ತು ಸ್ಮಶಾನ ಸಮಿತಿಯ ಪರವಾಗಿ